ವಿಮಾನ ಬಿದ್ದ ಹೊಲ: ಅಗೆಯುವ ಮುನ್ನ, ಅಗೆಯುವಾಗ, ಅಗೆದ ಮೇಲೆ

1942ರಲ್ಲಿ ಬ್ರಿಟಿಷ್ ವಾಯುಪಡೆ ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಕಟ್ಟಿತು. ಯುದ್ಧ ದೂರದ ಬರ್ಮಾದಲ್ಲಿತ್ತು, ಇಲ್ಲಿ ನಡೆಯುತ್ತಿದ್ದದ್ದು ತರಬೇತಿ. ಆದರೆ ಆ ಕಾಲದಲ್ಲಿ ವಿಮಾನ ಬೀಳುವುದಕ್ಕೆ ಶತ್ರುವೇ ಬೇಕಿರಲಿಲ್ಲ. ಕೈ ಪಳಗದ ಹುಡುಗರು, ಕೈಕೊಡುವ ಎಂಜಿನ್, ಘಟ್ಟದ ಮೇಲಿನ ಮಳೆಮೋಡ, ಇಷ್ಟೇ ಸಾಕಾಗುತ್ತಿತ್ತು. ಹಾಗಾಗಿ ಖಾನಾಪುರದ ಕಾಡಿನಲ್ಲೋ ವಿಜಯಪುರದ ಕಪ್ಪು ಎರಿ ಹೊಲದಲ್ಲೋ ಉಳುವಾಗ ರಂಟಿಗೆ ಬಾಗಿದ ಅಲ್ಯೂಮಿನಿಯಂ ತಗಡು ಸಿಕ್ಕಿದರೆ, ಅದರಲ್ಲಿ ಸಾಲುಸಾಲಾಗಿ ರಿವೆಟ್ ಇದ್ದರೆ, ಗುಜರಿಯವನನ್ನು ಕರೆಯಲು ಅವಸರ ಮಾಡಬೇಡಿ.

ಇತಿಹಾಸದ ಹುಚ್ಚಿರುವ ಊರ ಹುಡುಗರಿಗೆ, ಶಾಲಾ ಮಾಸ್ತರರಿಗೆ, ಪುರಾತತ್ವ ಓದುವವರಿಗೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ನಾವು ಹುಡುಕುವುದು ಮನುಷ್ಯರನ್ನು. ಅವರು ಯಾರು ಅಂತ ಹೇಳುವ ಸಾಕ್ಷಿ ಆ ವಿಮಾನ. ಇದೊಂದು ತಲೆಯಲ್ಲಿದ್ದರೆ ಉಳಿದ ತೀರ್ಮಾನಗಳು ಸುಲಭ. ಜೆಸಿಬಿಗಿಂತ ಜರಡಿ ಮುಖ್ಯ, ಎಂಜಿನ್‌ಗಿಂತ ಅದು ಕೂತಿರುವ ಗುಂಡಿ ಮುಖ್ಯ, ಇವೆರಡಕ್ಕಿಂತ ನೋಟ್‌ಬುಕ್ ಮುಖ್ಯ.

ಮೊದಲು ಕಾಗದದಲ್ಲಿ ಅಗೆಯಿರಿ

ಹೊಲಕ್ಕೆ ಕಾಲಿಡುವ ಮುನ್ನ ಮೂರು ಪ್ರಶ್ನೆಗೆ ಉತ್ತರ ಬೇಕು. ಯಾವ ವಿಮಾನ? ಎಷ್ಟು ಜನ ಇದ್ದರು? ಅವರಲ್ಲಿ ಎಷ್ಟು ಜನರನ್ನು ಆಗಲೇ ಹೂತಿದ್ದಾರೆ?

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು, ತಾರೀಕು, ದಳ ಹಾಕಿ ಹುಡುಕಬಹುದು. ದುಡ್ಡು ಕೊಡಬೇಕಿಲ್ಲ. ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಅಲ್ಲಲ್ಲಿ ಚದುರಿದ್ದ ಎರಡನೇ ಮಹಾಯುದ್ಧದ ಸಮಾಧಿಗಳನ್ನು ಆಮೇಲೆ ಪುಣೆಯ ಖಡಕಿಗೆ ತಂದರು. ಅಲ್ಲಿ ಆ ಯುದ್ಧದ 1,600ಕ್ಕೂ ಹೆಚ್ಚು ಸಮಾಧಿಗಳಿವೆ. ನೀವು ಹುಡುಕುತ್ತಿರುವ ಪೈಲಟ್‌ನ ಹೆಸರು ಖಡಕಿಯ ಕಲ್ಲಿನ ಮೇಲೆ ಇದ್ದರೆ ಆಗಿನವರು ದೇಹ ತೆಗೆದಿದ್ದಾರೆ ಎಂದರ್ಥ. ಹಾಗಂತ ಹೊಲದಲ್ಲಿ ಏನೂ ಉಳಿದಿಲ್ಲ ಅನ್ನಲು ಬರುವುದಿಲ್ಲ. ಆಗಿನವರು ಕೈಗೆ ಸಿಕ್ಕಷ್ಟನ್ನು ಒಯ್ದಿರುತ್ತಾರೆ. ಹೆಸರು ಸಿಂಗಪುರದ ಸ್ಮಾರಕದಲ್ಲಿ ಇದ್ದರೆ ಕತೆಯೇ ಬೇರೆ. ದಕ್ಷಿಣ ಮತ್ತು ಪೂರ್ವ ಏಷ್ಯಾದಲ್ಲಿ ಸತ್ತು ಸಮಾಧಿ ಸಿಗದ ವಾಯುಪಡೆಯವರ ಹೆಸರು ಅಲ್ಲಿದೆ. ಸೈನಿಕರೂ ಸೇರಿ ಆ ಸ್ಮಾರಕದಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ.

ಬ್ರಿಟಿಷ್ ವಿಮಾನವಾದರೆ ಅಪಘಾತದ ಕಾರ್ಡು ಇರುತ್ತದೆ. ಅದಕ್ಕೆ ಫಾರ್ಮ್ 1180 ಅನ್ನುತ್ತಾರೆ. ದಳದ ದಿನಚರಿ ಫಾರ್ಮ್ 540 ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಎಐಆರ್ 27 ಎಂಬ ಸಾಲಿನಲ್ಲಿದೆ. ಅಮೆರಿಕದ ವಿಮಾನವಾದರೆ 1943ರಿಂದ ಕಾಣೆಯಾದ ಸಿಬ್ಬಂದಿಯ ವರದಿ ಬರೆಯುತ್ತಿದ್ದರು. ಅದರಲ್ಲಿ ಎಂಜಿನ್ ನಂಬರಿನ ಜೊತೆ ಮಷೀನ್‌ಗನ್‌ಗಳ ನಂಬರೂ ಇರುತ್ತದೆ. ಮಣ್ಣಿನಿಂದ ಎದ್ದ ಒಂದು ತುಕ್ಕು ಹಿಡಿದ ಬಂದೂಕಿನ ನಂಬರ್ ಓದಲು ಬಂದರೆ ಸಾಕು, ಇಡೀ ತಂಡದ ಹೆಸರು ಸಿಕ್ಕಿಬಿಡಬಹುದು.

ಎಷ್ಟು ಜನ ಎಂಬ ಲೆಕ್ಕ ವಿಮಾನದ ಜಾತಿಯ ಮೇಲೆ ಹೋಗುತ್ತದೆ. ಹರಿಕೇನ್‌ನಲ್ಲಿ ಒಬ್ಬನೇ. ಹಾರ್ವರ್ಡ್ ತರಬೇತಿ ವಿಮಾನದಲ್ಲಿ ಇಬ್ಬರು. ವೆಂಜೆನ್ಸ್ ಎಂಬ ಡೈವ್ ಬಾಂಬರ್‌ನಲ್ಲೂ ಇಬ್ಬರು. ಇದನ್ನು ನಮ್ಮ ಭಾರತೀಯ ವಾಯುಪಡೆಯ 7 ಮತ್ತು 8ನೇ ದಳಗಳೂ ಹಾರಿಸಿದ್ದವು. ಲಿಬರೇಟರ್ ಆದರೆ ಎಂಟು-ಹತ್ತು ಜನ. ನಿಮ್ಮ ಗುಂಡಿಯಿಂದ ಎಷ್ಟು ಜನರ ಗುರುತು ಬರಬೇಕು ಅಂತ ಮೊದಲೇ ಗೊತ್ತಿದ್ದರೆ ಕೆಲಸ ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಾಗುತ್ತದೆ.

ಊರವರನ್ನು ಕೇಳುವ ಬಗೆ

ಕಣ್ಣಾರೆ ಕಂಡವರು ಈಗ ತೊಂಬತ್ತರ ಆಸುಪಾಸು. ನಿಮಗೆ ಸಿಗುವುದು ಜಾಸ್ತಿ ಪಾಲು ಅಪ್ಪನಿಂದ, ಅಜ್ಜನಿಂದ ಕೇಳಿದ ಮಾತು. ಆದರೂ ಕೇಳಲೇಬೇಕು, ಕೇಳುವ ಬಗೆ ಮಾತ್ರ ಗೊತ್ತಿರಬೇಕು. "ಯಾವ ಇಸವಿ ಅಜ್ಜಾರ?" ಅಂದರೆ ಉತ್ತರ ಬರುವುದಿಲ್ಲ. "ಅಜ್ಜಾರ, ಆಗ ಹೊಲದಾಗ ಯಾವ ಬೆಳಿ ಇತ್ರಿ?" ಅಂತ ಕೇಳಿ. ಬಿಳಿಜೋಳ ತೆನೆ ಹಿಡಿದಿತ್ತು ಅಂದರೆ ಚಳಿಗಾಲ. ಸಜ್ಜೆ ಕೊಯ್ಯುತ್ತಿದ್ದರು ಅಂದರೆ ಮಳೆಗಾಲದ ಕೊನೆ. ಬೆಂಕಿ ಹತ್ತಿತ್ತಾ? ಕೊಡೆ ಬಿಚ್ಚಿ ಯಾರಾದರೂ ಇಳಿದರಾ? ಲಾರಿ ಬಂತಾ, ಎತ್ತಿನ ಗಾಡಿಯಲ್ಲಿ ಸಾಗಿಸಿದರಾ? ಎಷ್ಟು ದಿನ ಕಾವಲು ಇತ್ತು? ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ ಬೇರೆ ಬೇರೆ ಕೇಳಿ. ಕಟ್ಟೆಯ ಮೇಲೆ ಹತ್ತು ಜನರನ್ನು ಕೂರಿಸಿಕೊಂಡು ಕೇಳಿದರೆ ಗಟ್ಟಿ ದನಿಯವರ ಕತೆಯೇ ಎಲ್ಲರ ಕತೆ ಆಗುತ್ತದೆ.

ಯುದ್ಧಗಳೂ ಕಲಸಿಹೋಗುತ್ತವೆ. 1961ರಲ್ಲಿ ಗೋವಾ ಬಿಡಿಸುವಾಗ ಸಾಂಬ್ರಾದಿಂದ ಹಂಟರ್ ಜೆಟ್‌ಗಳು ಹಾರಿದ್ದವು. ಆ ನೆನಪು 1940ರ ದಶಕದ ನೆನಪಿನ ಜೊತೆ ಬೆರೆತಿರಬಹುದು. ಫ್ಯಾನ್ ಇರುವ ವಿಮಾನವೋ ಇಲ್ಲದ್ದೋ ಅಂತ ಕೇಳಿದರೆ ಅರ್ಧ ಗೊಂದಲ ಕಳೆಯುತ್ತದೆ.

"ಬ್ರಿಟಿಷರು ಹೋಗುವಾಗ ಹೊಸ ವಿಮಾನ ಪೆಟ್ಟಿಗೆಯಲ್ಲಿಟ್ಟು ಹೂತರು" ಎಂಬ ಕತೆಯೂ ಕಿವಿಗೆ ಬೀಳಬಹುದು. ಬರ್ಮಾದಲ್ಲಿ ಇದೇ ಕತೆ ನಂಬಿ 2013ರಲ್ಲಿ ಯಾಂಗಾನ್ ವಿಮಾನ ನಿಲ್ದಾಣದಲ್ಲಿ ಸ್ಪಿಟ್‌ಫೈರ್‌ಗಳಿಗಾಗಿ ಅಗೆದರು. ಒಂದೂ ಸಿಗಲಿಲ್ಲ.

ಮನೆಮನೆಯ ಸಾಮಾನನ್ನೂ ನೋಡಿ. ಬಿದ್ದ ವಿಮಾನದ ತಗಡು ದನದ ಕೊಟ್ಟಿಗೆಗೋ ನೀರಿನ ಗುಮ್ಮಿಯ ಮುಚ್ಚಳಕ್ಕೋ ಹೋಗಿರುತ್ತದೆ. ಕಿತ್ತುಕೊಳ್ಳಬೇಡಿ, ಫೋಟೋ ತೆಗೆಯಿರಿ. ಒಳಮೈಯಲ್ಲಿ ನಂಬರ್ ಇದ್ದರೆ ಬರೆದುಕೊಳ್ಳಿ.

ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕಬೇಡಿ

ಇದು ಬೇಜಾರಿನ ಭಾಗ, ಆದರೆ ಬಿಡುವಂತಿಲ್ಲ. ಮೊದಲು ಉತಾರ (ಪಹಣಿ) ತೆಗೆಸಿ, ಹೊಲ ಯಾರ ಹೆಸರಲ್ಲಿದೆ ನೋಡಿ. ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಇದ್ದರೆ ಎಲ್ಲರ ಸಹಿ ಬೇಕು. ಬೆಳೆ ನಷ್ಟ ಎಷ್ಟು, ಗುಂಡಿ ಮುಚ್ಚುವವರು ಯಾರು ಎಂಬುದನ್ನು ಕಾಗದದಲ್ಲೇ ಬರೆಸಿ. ಕಾಡಾದರೆ ಅರಣ್ಯ ಇಲಾಖೆ. ಭೀಮಗಡದಂಥ ಅಭಯಾರಣ್ಯದ ಒಳಗಾದರೆ ಇನ್ನೂ ಬಿಗಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಹತ್ತಿರ, ವಿಜಯಪುರದ ಸ್ಮಾರಕಗಳ ಹತ್ತಿರವಾದರೆ ಪುರಾತತ್ವ ಇಲಾಖೆಯನ್ನು ಕೇಳಬೇಕು. ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಜಾಗ, ಅದರಾಚೆ 200 ಮೀಟರ್ ನಿಯಂತ್ರಿತ ಜಾಗ.

ಪ್ರಾಚೀನ ವಸ್ತುಗಳ ಕಾಯ್ದೆಗೆ ಸಾಮಾನು ನೂರು ವರ್ಷ ಹಳೆಯದಾಗಿರಬೇಕು. 1943ರಲ್ಲಿ ಬಿದ್ದ ವಿಮಾನಕ್ಕೆ ನೂರು ತುಂಬುವುದು 2043ಕ್ಕೆ. ಅಲ್ಲಿಯವರೆಗೆ ಹೇಗೆ ಬೇಕಾದರೂ ಅಗೆಯಬಹುದು ಅಂತ ಕೆಲವರು ವಾದ ಹೂಡುತ್ತಾರೆ. ತಪ್ಪು. ಮನುಷ್ಯರ ಮೂಳೆ ಬಂತು ಅಂದರೆ ಪೊಲೀಸರ ಕೆಲಸ ಬಂತು. ಗುಂಡು-ಮದ್ದು ಬಂತು ಅಂದರೆ ಶಸ್ತ್ರಾಸ್ತ್ರ ಮತ್ತು ಸ್ಫೋಟಕ ಕಾಯ್ದೆ ಬಂತು. ಬಿದ್ದ ತಮ್ಮ ಸೇನಾ ವಿಮಾನ ಈಗಲೂ ತಮ್ಮ ಸ್ವತ್ತೇ ಎಂಬುದು ಬ್ರಿಟಿಷ್ ರಕ್ಷಣಾ ಇಲಾಖೆಯ ನಿಲುವು. ಬ್ರಿಟನ್ನಿನ ಒಳಗೆ 1986ರ ಸೇನಾ ಅವಶೇಷ ರಕ್ಷಣಾ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಇಂಥ ಜಾಗ ಅಗೆಯುವುದು ಅಲ್ಲಿ ಅಪರಾಧ. ದೇಹದ ಅವಶೇಷ ಇರಬಹುದು ಅನ್ನಿಸಿದರೆ ಸಾಮಾನ್ಯವಾಗಿ ಪರವಾನಗಿಯನ್ನೇ ಕೊಡುವುದಿಲ್ಲ.

ಆದ್ದರಿಂದ ಸರಿಯಾದ ದಾರಿ ಇದು. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಅದರ ಪ್ರತಿ ಪೊಲೀಸ್ ವರಿಷ್ಠಾಧಿಕಾರಿಗೂ ಸಾಂಬ್ರಾ ವಾಯುಪಡೆ ಠಾಣೆಗೂ ಹೋಗಲಿ. ಬೇರೆ ದೇಶದ ಸೈನಿಕರಾದರೆ ಮುಂದಿನದು ಕೇಂದ್ರ ಸರ್ಕಾರದ ಮೂಲಕವೇ ಆಗಬೇಕು. ಅಮೆರಿಕದವರಿಗೆ ಇದಕ್ಕೆಂದೇ ಡಿಪಿಎಎ ಎಂಬ ಸಂಸ್ಥೆ ಇದೆ. ಅದು 2021ರಲ್ಲಿ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿದೆ. ಭಾರತದಲ್ಲಿ ಕಾಣೆಯಾದ ಅಮೆರಿಕನ್ನರು ಸುಮಾರು 400 ಜನ, ಹೆಚ್ಚಿನವರು ಈಶಾನ್ಯದ ಬೆಟ್ಟಗಳಲ್ಲಿ. ಬ್ರಿಟಿಷರಾದರೆ ಅವರ ರಕ್ಷಣಾ ಇಲಾಖೆಯಲ್ಲೇ ಒಂದು ವಿಭಾಗ ಈ ಕೆಲಸ ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ಆಗಿ ಅಪ್ಪಣೆ ಸಿಕ್ಕ ಮೇಲೂ ಅಗೆತದ ಉಸ್ತುವಾರಿ ವಿಧಿವಿಜ್ಞಾನ ಗೊತ್ತಿರುವ ಪುರಾತತ್ವ ತಜ್ಞರದ್ದಾಗಿರಬೇಕು. ನೀವು ಅವರ ಕೈಕೆಳಗೆ ಕೆಲಸ ಮಾಡುವವರು. ಇದು ಕಡಿಮೆ ಕೆಲಸವೇನಲ್ಲ. ಊರು ಗೊತ್ತಿರುವವರು, ಮಣ್ಣು ಗೊತ್ತಿರುವವರು ನೀವೇ ಅಲ್ವಾ?

ಮಣ್ಣು ನೋಡಿ ಅಗೆಯುವ ಕಾಲ ಗೊತ್ತುಮಾಡಿ

ಯುರೋಪಿನ ಕೈಪಿಡಿಗಳು ಇಲ್ಲಿ ಅರ್ಧಂಬರ್ಧ ಕೆಲಸಕ್ಕೆ ಬರುತ್ತವೆ. ನಮ್ಮ ಎರಿ ಮಣ್ಣು ಅವರು ನೋಡಿದ್ದಲ್ಲ.

ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಬಾಗಲಕೋಟೆ ಕಡೆಯ ಹೊಲಕ್ಕೆ ಹೋಗಿ ಒಂದು ಬಿರುಕಿನೊಳಗೆ ಕೈ ಹಾಕಿ ನೋಡಿ. ಮೊಣಕೈವರೆಗೂ ಇಳಿಯುತ್ತದೆ. ಕೆಲವು ಬಿರುಕು ಅದಕ್ಕಿಂತ ಆಳ. ಮೇಲೆ ಬಿದ್ದಿದ್ದ ಒಂದು ಅಂಗಿಯ ಗುಂಡಿ, ಒಂದು ಹಲ್ಲು, ಒಂದು ಬಕಲ್ ಆ ಬಿರುಕಿನಲ್ಲಿ ಜಾರುತ್ತದೆ. ಮಳೆ ಬಂದಾಗ ಮಣ್ಣು ಮುಚ್ಚಿಕೊಳ್ಳುತ್ತದೆ. ಮರುವರ್ಷ ಮತ್ತೆ ಅದೇ. ಎಂಬತ್ತು ಬೇಸಿಗೆ ಕಳೆದ ಮೇಲೆ "ಇದು ಇಷ್ಟು ಆಳದಲ್ಲಿ ಸಿಕ್ಕಿತು, ಹಾಗಾಗಿ ಹೀಗೆ ಬಿದ್ದಿತ್ತು" ಎಂದು ಹೇಳುವುದಕ್ಕೆ ಆಗುವುದಿಲ್ಲ. ಸಣ್ಣ ಸಾಮಾನಿನ ಆಳ ಬರೆದುಕೊಳ್ಳಿ, ಆದರೆ ನಂಬಬೇಡಿ. ಎಂಜಿನ್, ಗೇರ್, ರೆಕ್ಕೆಯ ಉದ್ದನೆ ತೊಲೆ ಇಂಥ ಭಾರದ ಸಾಮಾನಿನ ಜಾಗವನ್ನು ಮಾತ್ರ ನಂಬಬಹುದು.

ಮೂಳೆಗೆ ಈ ಮಣ್ಣು ಒಳ್ಳೆಯದೇ. ಕ್ಷಾರದ ಗುಣ ಇದೆ, ಸುಣ್ಣ ಇದೆ. ಖಾನಾಪುರ ಕಡೆಯ ಕೆಂಪುಕಲ್ಲಿನ ಮಣ್ಣು ಹುಳಿ ಗುಣದ್ದು, ಮಳೆಯೂ ವಿಪರೀತ. ಅಲ್ಲಿ ಮೂಳೆ ಕರಗಿಹೋಗಿ ಹಲ್ಲು ಮಾತ್ರ ಉಳಿದಿರಬಹುದು. ಅಂಥ ಜಾಗದಲ್ಲಿ ಜರಡಿಯ ಕಣ್ಣು ಇನ್ನೂ ಸಣ್ಣದು ಬೇಕು.

ಯಾವಾಗ ಅಗೆಯಬೇಕು? ಎರಿ ಹೊಲದಲ್ಲಿ ಜೋಳದ ಸುಗ್ಗಿ ಮುಗಿದ ಕೂಡಲೇ, ಫೆಬ್ರವರಿ ಕೊನೆಯಿಂದ ಮಾರ್ಚ್. ಆಗ ಒಳಗೆ ಸ್ವಲ್ಪ ಹಸಿ ಇರುತ್ತದೆ, ಕರಣೆ ಇಳಿಯುತ್ತದೆ. ಮೇ ಬಂದರೆ ಹೆಂಟೆ ಕಲ್ಲಾಗಿರುತ್ತದೆ, ಪಿಕಾಸಿ ಬೇಕಾಗುತ್ತದೆ. ಪಿಕಾಸಿಗೆ ಮೂಳೆ ಯಾವುದು ಹೆಂಟೆ ಯಾವುದು ಗೊತ್ತಾಗುವುದಿಲ್ಲ. ಜೂನ್‌ನಲ್ಲಿ ಮಳೆ ಬಿದ್ದರೆ ಮುಗಿಯಿತು, ಚಪ್ಪಲಿ ಕೂಡ ಕಾಲಿಗೆ ಉಳಿಯುವುದಿಲ್ಲ. ಕಾಡಿನ ಕಡೆ ಡಿಸೆಂಬರ್‌ನಿಂದ ಮಾರ್ಚ್ ಸರಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗುವ ಹೊಲವಾದರೆ ನೀರು ಇಳಿಯುವ ಬೇಸಿಗೆಯೊಂದೇ ದಾರಿ.

ಮೇಲಿನಿಂದ ಹುಡುಕುವುದು

ಸುಗ್ಗಿ ಆದ ಹೊಲದಲ್ಲಿ ಎರಡು ಮೀಟರಿಗೆ ಒಬ್ಬರಂತೆ ಸಾಲಾಗಿ ನಡೆಯಿರಿ. ಕಂಡದ್ದನ್ನು ಎತ್ತಬೇಡಿ, ಪಕ್ಕದಲ್ಲಿ ಬಣ್ಣದ ಕಡ್ಡಿ ಚುಚ್ಚಿ. ಕೊನೆಗೆ ಎಲ್ಲ ಕಡ್ಡಿಗಳನ್ನು ಒಟ್ಟಿಗೆ ನೋಡಿದರೆ ಚೂರು ಹರಡಿದ ಆಕಾರ ಕಾಣುತ್ತದೆ. ಉದ್ದಕ್ಕೆ, ನೂರಾರು ಮೀಟರ್ ಹರಡಿದ್ದರೆ ವಿಮಾನ ಓರೆಯಾಗಿ ಬಂದು ನೆಲ ಉಜ್ಜಿದೆ. ಅಲ್ಲಿ ಆಳವಾದ ಗುಂಡಿ ಸಿಗುವುದಿಲ್ಲ, ಅಗಲಕ್ಕೆ ಕೆಲಸ ಜಾಸ್ತಿ. ಒಂದೇ ಕಡೆ ಗುಂಪಾಗಿದ್ದರೆ ಮೂತಿ ಕೆಳಗೆ ಮಾಡಿ ಬಿದ್ದಿದೆ. ಎಂಜಿನ್ ಗೋಡೆಗೆ ಹೊಡೆದ ಮೊಳೆಯ ಹಾಗೆ ಹಲವು ಮೀಟರ್ ಒಳಗೆ ಹೋಗಿರುತ್ತದೆ. ಪೈಲಟ್ ಕೂತಿದ್ದ ಜಾಗ ಅದರ ಬೆನ್ನಿಗೆ ಒತ್ತಿಕೊಂಡಿರುತ್ತದೆ.

ರೈತನನ್ನು ಇನ್ನೊಂದು ಮಾತು ಕೇಳಿ: ಯಾವ ಕಡೆ ಬೆಳೆ ಏಳುವುದಿಲ್ಲ? ಪೆಟ್ರೋಲು, ಎಣ್ಣೆ ಇಂಗಿದ ಕಡೆ, ಕಿತ್ತು ಮುಚ್ಚಿದ ಕಡೆ ಜೋಳದ ಎತ್ತರವೇ ಬೇರೆ.

ಯಂತ್ರಗಳ ವಿಷಯದಲ್ಲಿ ಹುಷಾರು. ನೆಲದೊಳಗೆ ನೋಡುವ ರೇಡಾರ್ ಎರಿ ಮಣ್ಣಿನಲ್ಲಿ ಬಲು ಬೇಗ ಕುರುಡಾಗುತ್ತದೆ, ಜೇಡಿ ಆ ಅಲೆಗಳನ್ನು ನುಂಗಿಬಿಡುತ್ತದೆ. ಕಾಂತ ಅಳೆಯುವ ಯಂತ್ರಕ್ಕೆ ವಿಜಯಪುರದ ಕೆಳಗಿರುವ ಕರಿಕಲ್ಲೇ ಕಾಂತದ ಹಾಗೆ ಕಾಣುತ್ತದೆ. ಒಳ್ಳೆಯ ಲೋಹಶೋಧಕವೇ ಇಲ್ಲಿ ವಾಸಿ. ಅಲ್ಯೂಮಿನಿಯಂ ಹಿಡಿಯುವುದರಲ್ಲಿ ಅದು ಗಟ್ಟಿ. ಡ್ರೋನ್ ಹಾರಿಸುವುದಾದರೆ ಸಾಂಬ್ರಾ ನಿಲ್ದಾಣದ ಸುತ್ತ ಅಪ್ಪಣೆ ಇಲ್ಲದೆ ಬೇಡವೇ ಬೇಡ.

ಸಿಡಿಯುವುದು, ಉರಿಯುವುದು, ವಿಷದ್ದು

ಎಂಬತ್ತು ವರ್ಷ ಆದರೂ ಮದ್ದು ಮದ್ದೇ. ಮಷೀನ್‌ಗನ್ ಗುಂಡು, 20 ಮಿಲಿಮೀಟರ್ ಫಿರಂಗಿ ಗುಂಡು, ಹೊಗೆ ಮತ್ತು ಬೆಳಕಿನ ಫ್ಲೇರ್, ಬಾಂಬು, ಇವುಗಳಲ್ಲಿ ಯಾವುದನ್ನೂ ನೀವು ಮುಟ್ಟಬಾರದು. ಕಂಡ ಕೂಡಲೇ ಎಲ್ಲರನ್ನೂ ಹಿಂದೆ ಕಳಿಸಿ 112ಕ್ಕೆ ಫೋನ್ ಮಾಡಿ. ಬಾಂಬ್ ನಿಷ್ಕ್ರಿಯ ದಳ ಬಂದು ಹೋದ ಮೇಲೆ ಮತ್ತೆ ಕೆಲಸ. ಬಾಂಬರ್ ವಿಮಾನವಾದರೆ ಆ ದಳ ಮೊದಲ ದಿನದಿಂದಲೇ ಜೊತೆಗಿರಬೇಕು.

ಬ್ರಿಟಿಷ್ ವಿಮಾನದ ಶತ್ರು-ಮಿತ್ರ ಗುರುತಿಸುವ ರೇಡಿಯೋ ಪೆಟ್ಟಿಗೆಯ ಬಗ್ಗೆ ಎಷ್ಟೋ ಜನರಿಗೆ ಗೊತ್ತಿಲ್ಲ. ಶತ್ರುವಿನ ಕೈಗೆ ಸಿಗಬಾರದು ಅಂತ ಅದರೊಳಗೇ ಸಣ್ಣ ಸ್ಫೋಟಕ ಇಟ್ಟಿರುತ್ತಿದ್ದರು. ನೋಡಲು ಬರೀ ಕಪ್ಪು ಡಬ್ಬಿ. ಆಕ್ಸಿಜನ್ ಸಿಲಿಂಡರ್‌ನಲ್ಲಿ ಒತ್ತಡ ಉಳಿದಿರಬಹುದು. ಗಡಿಯಾರದಂಥ ಮೀಟರುಗಳ ಮುಳ್ಳಿಗೆ ರೇಡಿಯಂ ಬಣ್ಣ ಬಳಿದಿರುತ್ತದೆ. ಕತ್ತಲಲ್ಲಿ ಹೊಳೆಯುವುದು ನಿಂತಿದ್ದರೂ ವಿಕಿರಣ ನಿಂತಿಲ್ಲ, ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅದರ ಗಾಜು ಒರೆಸುವುದು, ಊದುವುದು, ಮನೆಯ ಶೋಕೇಸಿನಲ್ಲಿ ಇಡುವುದು ಮಾಡಬೇಡಿ. ಎಂಜಿನ್ ಸುತ್ತ ಸುತ್ತಿದ ಬಿಳಿ ನಾರು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಮಾಸ್ಕ್ ಹಾಕಿ, ಮೊದಲು ನೀರು ಚಿಮುಕಿಸಿ.

ಅಗೆತದ ಗೋಡೆಯೂ ಕೊಲ್ಲುತ್ತದೆ. ಬಿರುಕು ಬಿಟ್ಟ ಎರಿ ಮಣ್ಣು ಗಟ್ಟಿಯಾಗಿ ಕಾಣುತ್ತದೆ, ಆಮೇಲೆ ಬಾಗಿಲಿನಷ್ಟು ದೊಡ್ಡ ಹಾಳೆಯಾಗಿ ಒಮ್ಮೆಲೇ ಕಳಚುತ್ತದೆ. ಒಂದೂವರೆ ಮೀಟರ್ ದಾಟಿದರೆ ಗೋಡೆಯನ್ನು ಮೆಟ್ಟಿಲಾಗಿ ಕಡಿಯಿರಿ, ಇಲ್ಲವೇ ಹಲಗೆ ಕೊಟ್ಟು ಒತ್ತುಗೊಡಿ. ತೆಗೆದ ಮಣ್ಣನ್ನು ಅಂಚಿಗೆ ಹಾಕಬೇಡಿ.

ಅಗೆಯುವ ಕ್ರಮ

ಗೂಟ, ಸುತಳಿ ಹಿಡಿದು ನಾಲ್ಕು ಮೀಟರ್ ಚೌಕಗಳನ್ನು ಹಾಕಿ. ಒಂದು ಮೂಲೆಯನ್ನು ಕದಲದ ಗುರುತು ಮಾಡಿ. ಬದುವಿನ ಕಲ್ಲು ಬೇಡ, ಅದನ್ನು ಯಾರಾದರೂ ಸರಿಸುತ್ತಾರೆ. ಬಾವಿಕಟ್ಟೆಯ ಮೂಲೆಯಿಂದ ಅಳತೆ ಹಿಡಿಯಿರಿ. ಪ್ರತಿ ಚೌಕಕ್ಕೂ ನಂಬರ್, ಪ್ರತಿ ಚೌಕಕ್ಕೂ ಬೇರೆ ಪುಟ.

ಮೇಲಿನ ಉಳುಮೆಯ ಮಣ್ಣನ್ನು ತೆಗೆದು ಬೇರೆ ರಾಶಿ ಹಾಕಿ. ಆಮೇಲೆ ಹತ್ತು-ಹದಿನೈದು ಸೆಂಟಿಮೀಟರಿನ ಪದರ ಪದರವಾಗಿ ಇಳಿಯಿರಿ. ಜೆಸಿಬಿ ಬೇಕೇ ಬೇಕು ಅಂದರೆ ಎಲ್ಲಿ ಏನೂ ಇಲ್ಲ ಎಂದು ಗೊತ್ತಾಗಿದೆಯೋ ಆ ಮೇಲ್ಪದರಕ್ಕೆ ಮಾತ್ರ, ಅದೂ ಹಲ್ಲಿಲ್ಲದ ಬಕೆಟ್ ಹಾಕಿಸಿ. ಚಾಲಕನ ಪಕ್ಕದಲ್ಲಲ್ಲ, ಬಕೆಟ್ಟಿನ ಎದುರಿಗೆ ದೂರದಲ್ಲಿ ಒಬ್ಬರು ಕಣ್ಣಿಟ್ಟು ನಿಂತಿರಬೇಕು. ಮಣ್ಣಿನ ಬಣ್ಣ ಬದಲಾದರೆ, ಬೂದಿ ಕಂಡರೆ, ಬಿಳಿ ಪುಡಿ ಕಂಡರೆ ಕೈ ಎತ್ತಿ ನಿಲ್ಲಿಸಿ. ಆ ಬಿಳಿ ಪುಡಿ ಕೊಳೆತ ಅಲ್ಯೂಮಿನಿಯಂ. ಅಲ್ಲಿಂದ ಮುಂದೆ ಕರಣೆ, ಕುರ್ಪಿ, ಬಿದಿರು ಕಡ್ಡಿ, ಬ್ರಷ್ಷು.

ಆಳಕ್ಕೆ ಹೋದಂತೆ ಎಣ್ಣೆಯ ವಾಸನೆ ಬರಬಹುದು, ಮಣ್ಣು ಬೂದು-ನೀಲಿ ಆಗಬಹುದು. ಗಾಳಿ ಆಡದ ಇಂಥ ಜಾಗದಲ್ಲೇ ಚರ್ಮ, ಬಟ್ಟೆ, ಪ್ಯಾರಾಚೂಟಿನ ರೇಷ್ಮೆ ಉಳಿದಿರುವುದು. ಇವನ್ನು ಎಳೆಯಬೇಡಿ. ಸುತ್ತಲಿನ ಮಣ್ಣಿನ ಗಡ್ಡೆಯ ಸಮೇತ ಎತ್ತಿ. ಎಂಜಿನ್ ಕಂಡಾಗ ಎಲ್ಲರೂ ಫೋಟೋಗೆ ಓಡುತ್ತಾರೆ, ಸುಮ್ನೆ ಓಡಲಿ ಬಿಡಿ. ನೀವು ಅದರ ಹಿಂಬದಿಯ ಮಣ್ಣನ್ನು ಕಾಯಿರಿ. ಎಂಜಿನ್ ಎತ್ತಲು ಕ್ರೇನ್ ಬರುವ ಮುನ್ನ ಆ ಮಣ್ಣು ಪೂರ್ತಿ ಜರಡಿಗೆ ಹೋಗಿರಬೇಕು.

ಒಂದು ಚೌಕದಲ್ಲಿ ಏನೂ ಸಿಗದ ಮೇಲೂ ಇನ್ನೊಂದೆರಡು ಪದರ ಇಳಿಯಿರಿ. ಅಂಚಿನ ಚೌಕದಲ್ಲಿ ಏನಾದರೂ ಸಿಕ್ಕರೆ ಅದರಾಚೆಗೂ ಒಂದು ಚೌಕ ಹಾಕಿ. ಸುತ್ತಲೂ ಬರೀ ಮಣ್ಣು ಸಿಗುವವರೆಗೆ ನಿಲ್ಲುವಂತಿಲ್ಲ.

ಜರಡಿಯ ಹತ್ತಿರ

ನಿಜವಾದ ಹುಡುಕಾಟ ನಡೆಯುವುದು ಇಲ್ಲಿ. ಆರು ಮಿಲಿಮೀಟರ್ ಕಣ್ಣಿನ ಜರಡಿ, ಕಾಕ್‌ಪಿಟ್ ಜಾಗದ ಮಣ್ಣಿಗೆ ಮೂರು ಮಿಲಿಮೀಟರ್. ಒಂದು ಬುಟ್ಟಿ ಮಣ್ಣೂ ಜರಡಿ ತಪ್ಪಿಸಿ ಹೋಗಬಾರದು.

ಎರಿ ಮಣ್ಣನ್ನು ಒಣಗಿಸಿ ಜರಡಿ ಹಿಡಿಯಲು ಹೋದರೆ ಹೆಂಟೆ ಉರುಳುತ್ತದೆ, ಒಡೆಯುವುದಿಲ್ಲ. ಅರೆಹಸಿ ಇದ್ದಾಗ ನೀರು ಹಾಕಿದರೆ ಜಿಗಟು ಉಂಡೆಯಾಗಿ ಕಣ್ಣನ್ನೇ ಮುಚ್ಚುತ್ತದೆ. ಉಪಾಯ ಇದೆ. ತಾಡಪತ್ರಿಯ ಮೇಲೆ ನೆರಳಲ್ಲಿ ಹರಡಿ ಪೂರ್ತಿ ಒಣಗಲು ಬಿಡಿ, ಆಮೇಲೆ ಬಕೆಟ್ ನೀರಿಗೆ ಹಾಕಿ. ಚೆನ್ನಾಗಿ ಒಣಗಿದ ಹೆಂಟೆ ನೀರಿನಲ್ಲಿ ಗುಳ್ಳೆ ಬಿಡುತ್ತ ತಾನೇ ಬಿಚ್ಚಿಕೊಳ್ಳುತ್ತದೆ. ಬಿಚ್ಚದಿದ್ದರೆ ರಾತ್ರಿಯಿಡೀ ನೆನೆಯಲಿ. ಕೈಯಿಂದ ಹಿಸುಕಬೇಡಿ. ಜರಡಿಗೆ ಸುರಿದು ಮೆಲ್ಲನೆ ನೀರು ಬಿಡಿ. ಪಂಪ್‌ಸೆಟ್ಟಿನ ಪೈಪನ್ನು ನೇರ ಹಿಡಿದರೆ ಸುಟ್ಟ ಮೂಳೆ ಪುಡಿಯಾಗಿ ಹರಿದುಹೋಗುತ್ತದೆ.

ತೊಳೆದ ಮೇಲೆ ಜರಡಿಯಲ್ಲಿ ಉಳಿಯುವುದು ಒಂದು ಹಿಡಿ ಕಲ್ಲು, ಬೇರು, ಬಸವನಹುಳದ ಚಿಪ್ಪು, ಸುಣ್ಣದ ಹರಳು. ಈ ಸುಣ್ಣದ ಹರಳೇ ನಮ್ಮ ಮಣ್ಣಿನ ದೊಡ್ಡ ತಂಟೆ. ಎರಿ ಹೊಲದ ತುಂಬ ಇರುತ್ತದೆ. ಬೆಂಕಿಯಲ್ಲಿ ಬೆಂದ ಮೂಳೆಯೂ ಅದೇ ಮಾಸಲು ಬಿಳಿ, ಅದೇ ಗಾತ್ರ. ಹರಳು ಎಲ್ಲ ಕಡೆ ಒಂದೇ ಸಮ ಗಂಟುಗಂಟು, ಕೈಗೆ ಭಾರ. ಮೂಳೆಯ ಚೂರಿಗೆ ಒಂದು ಮೈ ನಯ, ಇನ್ನೊಂದು ಮೈಯಲ್ಲಿ ಸಣ್ಣ ಸಣ್ಣ ತೂತು, ಕೈಗೆ ಹಗುರ. ಬೆಂದ ಮೂಳೆಯಲ್ಲಿ ನೀಲಿ-ಬೂದು ಛಾಯೆಯೂ ಬಾಗಿದ ಬಿರುಕೂ ಇರುತ್ತವೆ. ಲೆನ್ಸ್ ಹಿಡಿದು ಓರೆ ಬೆಳಕಿನಲ್ಲಿ ನೋಡಿ. ಅನುಮಾನ ಬಂದದ್ದೆಲ್ಲ ಚೀಲಕ್ಕೆ ಹೋಗಲಿ. ಲ್ಯಾಬಿನವರು ಹತ್ತು ಹರಳು ಎಸೆದರೆ ನಷ್ಟ ಇಲ್ಲ, ನೀವು ಒಂದು ಮೂಳೆ ಎಸೆದರೆ ಅದು ಮತ್ತೆ ಸಿಗುವುದಿಲ್ಲ.

ವೇಗವಾಗಿ ಬಿದ್ದ ವಿಮಾನದಲ್ಲಿ ಇಡೀ ಅಸ್ಥಿಪಂಜರ ಸಿಗುತ್ತದೆ ಅಂತ ಕಾಯಬೇಡಿ. ಸಿಗುವುದು ಬೆರಳ ತುದಿಯಷ್ಟು ಚೂರು.

ಮೂಳೆ ಕಂಡಾಗ

ಕೆಲಸ ನಿಲ್ಲಿಸಿ, ಇದ್ದಲ್ಲೇ ಬಿಡಿ, ಮೇಲೆ ನೆರಳು ಮಾಡಿ. ಠಾಣೆಗೆ ತಿಳಿಸಿ. ಅಸಹಜ ಸಾವಿನ ವಿಚಾರಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನ ಕೆಳಗೆ ಬರುತ್ತದೆ, ಹಿಂದೆ ಇದೇ ಸಿಆರ್‌ಪಿಸಿ 174 ಆಗಿತ್ತು. ಪಂಚನಾಮೆ ಆಗಬೇಕು. ಎಂಬತ್ತು ವರ್ಷದ ಹಳೆ ಮೂಳೆಗೆ ಪೊಲೀಸ್ ಯಾಕೆ ಅಂತ ಕೇಳುವವರಿದ್ದಾರೆ. ಅದು ಎಂಬತ್ತು ವರ್ಷದ್ದೇ ಅಂತ ನಿಮಗೆ ಯಾರು ಹೇಳಿದರು?

ನಮ್ಮ ಸೀಮೆಯ ಒಂದು ಮಾತು ಇಲ್ಲಿ ಬಹಳ ಮುಖ್ಯ. ಲಿಂಗಾಯತರು ಸತ್ತವರನ್ನು ಕೂರಿಸಿ ಹೂಳುತ್ತಾರೆ, ಎಷ್ಟೋ ಸಲ ಸ್ವಂತ ಹೊಲದಲ್ಲೇ. ಗದ್ದುಗೆ ಕಟ್ಟದೆ ಬರೀ ಒಂದು ಕಲ್ಲು ಇಟ್ಟ ಸಮಾಧಿ ಎರಡು ತಲೆಮಾರಿನಲ್ಲಿ ಉಳುಮೆಗೆ ಸೇರಿಹೋಗುತ್ತದೆ. ಹಾಗಾಗಿ ಅಗೆತಕ್ಕೆ ಮುಂಚೆಯೇ ಹೊಲದ ಮನೆತನದ ಹಿರಿಯರನ್ನು, ಹೆಂಗಸರನ್ನೂ, ಕೇಳಿ: "ಅವ್ವಾರ, ನಿಮ್ಮ ಹಿರೇರನ್ನ ಎಲ್ಲಿ ಮಣ್ಣ ಮಾಡೀರಿ?" ಎತ್ತು, ಆಕಳ ಮೂಳೆಯೂ ಸಿಗುತ್ತದೆ. ಗುರುತಿಸುವುದು ತಜ್ಞರ ಕೆಲಸ, ಆದರೆ ಮನೆಯವರಿಗೆ ಗೊತ್ತಿರುವುದನ್ನು ಅವರಿಗೆ ಮುಟ್ಟಿಸುವುದು ನಿಮ್ಮ ಕೆಲಸ.

ಎತ್ತುವಾಗ ಕೈಗವಸು, ಮಾಸ್ಕ್. ಹೊಸ ಬೆವರು, ಎಂಜಲು ಸೇರಿದರೆ ಡಿಎನ್‌ಎ ಪರೀಕ್ಷೆ ಕೆಡುತ್ತದೆ. ತೊಳೆಯಬೇಡಿ, ಅಂಟಿಸಬೇಡಿ, ವಾರ್ನಿಷ್ ಬೇಡ. ಒಣ ಮೂಳೆ ಕಾಗದದ ಚೀಲಕ್ಕೆ, ಪ್ಲಾಸ್ಟಿಕ್ ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಹಸಿ ಮೂಳೆ ಬಿಸಿಲಿಗೆ ಇಟ್ಟರೆ ಸೀಳುತ್ತದೆ, ನೆರಳಲ್ಲಿ ನಿಧಾನ ಒಣಗಲಿ. ಒಂದು ಚೀಟಿ ಚೀಲದ ಒಳಗೆ, ಇನ್ನೊಂದು ಹೊರಗೆ: ಚೌಕ, ಪದರ, ಆಳ, ತಾರೀಕು, ತೆಗೆದವರ ಸಹಿ. ಚೀಲ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೂ ರಿಜಿಸ್ಟರ್ ಬೇಕು.

ವಾಟ್ಸಾಪ್‌ಗೆ ಒಂದು ಫೋಟೋನೂ ಹೋಗಬಾರದು. ಎಲ್ಲೋ ಲೀಡ್ಸ್‌ನಲ್ಲೋ ಲಾಹೋರ್‌ನಲ್ಲೋ ಇರುವ ಮೊಮ್ಮಗಳಿಗೆ ತನ್ನ ಅಜ್ಜನ ಸುದ್ದಿ ಫಾರ್ವರ್ಡ್ ಮೆಸೇಜಿನಿಂದ ಗೊತ್ತಾಗಬಾರದು.

ಯಾರು ಅಂತ ಗೊತ್ತಾಗುವುದು ಹೇಗೆ

ವಿಮಾನದ ಗುರುತು ಸುಲಭ. ಸಿಲಿಂಡರ್ ಎಣಿಸಿ. ಸಿಲಿಂಡರುಗಳು ವೃತ್ತಾಕಾರದಲ್ಲಿ ಒಂಬತ್ತು ಇದ್ದರೆ ಹಾರ್ವರ್ಡ್ ಇರಬಹುದು. ಎರಡು ಸುತ್ತಿನಲ್ಲಿ ಹದಿನಾಲ್ಕು ಇದ್ದರೆ ವೆಂಜೆನ್ಸ್, ಡಕೋಟಾ, ಲಿಬರೇಟರ್ ಇವುಗಳಲ್ಲಿ ಒಂದು. ವಿ ಆಕಾರದಲ್ಲಿ ಹನ್ನೆರಡು ಇದ್ದರೆ ಹರಿಕೇನ್‌ನ ಮರ್ಲಿನ್ ಎಂಜಿನ್ ಇರಬಹುದು. ಬ್ರಿಟಿಷ್ ಮೀಟರುಗಳ ಮೇಲೆ ಕಿರೀಟ, ಎಎಂ ಎಂಬ ಅಕ್ಷರ, 6ಎ ಎಂದು ಶುರುವಾಗುವ ನಂಬರ್ ಇರುತ್ತದೆ. ಆದರೆ ಇಂಥ ನಂಬರ್ ಸಾಮಾನಿನ ಜಾತಿ ಹೇಳುತ್ತದೆ. ಇಂಥದ್ದೇ ವಿಮಾನ ಅಂತ ಹೇಳುವುದು ಎಂಜಿನ್ ನಂಬರ್, ಬಂದೂಕಿನ ನಂಬರ್ ಮತ್ತು ವಿಮಾನದ ಸ್ವಂತ ನಂಬರ್ ಮಾತ್ರ.

ಮನುಷ್ಯರ ಗುರುತು ಕಷ್ಟ. ಅಮೆರಿಕನ್ನರ ಕೊರಳ ಬಿಲ್ಲೆ ಲೋಹದ್ದು, ಉಳಿಯುತ್ತದೆ. ಬ್ರಿಟಿಷರದ್ದು ಒತ್ತಿದ ನಾರಿನದು: ಎಂಟು ಮೂಲೆಯ ಹಸಿರು, ದುಂಡನೆಯ ಕೆಂಪು. ಕೆಂಪನ್ನು ಬಿಚ್ಚಿಕೊಂಡು ಹೋಗಿ ಹಸಿರನ್ನು ದೇಹದ ಮೇಲೆ ಬಿಡುವುದು ಪದ್ಧತಿ. 6ಬಿ/159 ಎಂದು ಬೆನ್ನಿಗೆ ಕೆತ್ತಿದ ಕೈಗಡಿಯಾರ ಸಿಕ್ಕರೆ ಅದು ವಾಯುಪಡೆಯದು. ಪ್ಯಾರಾಚೂಟಿನ ಬಕಲ್ ನೋಡುವಾಗ ಕೊಳೆ ಕೆರೆಯಬೇಡಿ. ಅದು ಮುಚ್ಚಿದೆಯೋ ತೆರೆದಿದೆಯೋ ಎಂಬುದೇ ವಿಷಯ. ಮುಚ್ಚಿದ ಬಕಲ್, ಎಳೆಯದೆ ಉಳಿದ ಪ್ಯಾರಾಚೂಟ್ ಬಿಚ್ಚುವ ಹಿಡಿ ಎಂದರೆ ಆತ ವಿಮಾನದಲ್ಲೇ ಇದ್ದ ಎನ್ನುವುದಕ್ಕೆ ಅದೊಂದು ಸಾಕ್ಷಿ.

1968ರ ಫೆಬ್ರವರಿ 7ರಂದು ರೋಹ್ತಾಂಗ್ ಹತ್ತಿರ ಕಾಣೆಯಾದ ನಮ್ಮ ವಾಯುಪಡೆಯ ಎಎನ್-12ರಲ್ಲಿ 102 ಜನ ಇದ್ದರು. ಅವಶೇಷ ಮೊದಲು ಸಿಕ್ಕಿದ್ದು 2003ರಲ್ಲಿ. 2024ರಲ್ಲಿ ಮತ್ತೆ ನಾಲ್ವರು ಸಿಕ್ಕರು, ಜೊತೆಗಿದ್ದ ಕಾಗದಗಳೂ ಗುರುತಿಗೆ ನೆರವಾದವು. ಅದು ಹಿಮ. ನಮ್ಮ ಮಣ್ಣಿನಲ್ಲಿ ಕಾಗದ ಉಳಿಯುವುದು ಅಪರೂಪ. ಇಲ್ಲಿ ನಂಬಿಕೆ ಹಲ್ಲಿನ ಮೇಲೆ, ಒಳಗಿವಿಯ ಸುತ್ತಲಿನ ಗಟ್ಟಿ ಮೂಳೆಯ ಮೇಲೆ. ತಾಯಿಯ ಕಡೆಯಿಂದ ಬರುವ ಡಿಎನ್‌ಎಯನ್ನು ಮನೆಯವರ ಮಾದರಿಗೆ ಹೋಲಿಸುತ್ತಾರೆ. ಇಬ್ಬರು ಸೇರಿಹೋಗಿದ್ದಾರೆಯೇ ಅಂತ ತಿಳಿಯಲು ಹಳೇ ಲೆಕ್ಕವೂ ಇದೆ: ಎಡಗಡೆಯ ಅದೇ ಮೂಳೆ ಎರಡು ಸಿಕ್ಕರೆ ಕಡಿಮೆ ಅಂದರೂ ಇಬ್ಬರು. ಪೂರ್ತಿ ಬೆಂದ ಮೂಳೆಯಿಂದ ಡಿಎನ್‌ಎ ಬರುವುದು ಕಷ್ಟ. ಆಗ ಸಾಮಾನು, ದಾಖಲೆ ಮತ್ತು ನಿಮ್ಮ ನೋಟ್‌ಬುಕ್ ಮಾತ್ರ ಮಾತಾಡಬೇಕು.

ಆಮೇಲೆ

ಅಮೆರಿಕದವರು ತಮ್ಮವರನ್ನು ಊರಿಗೆ ಒಯ್ಯುತ್ತಾರೆ. ಬ್ರಿಟಿಷರ ಪದ್ಧತಿ ಬೇರೆ. ಆ ಯುದ್ಧದಲ್ಲಿ ಸತ್ತವರು ಸತ್ತ ದೇಶದಲ್ಲೇ, ಯುದ್ಧ ಸಮಾಧಿ ಸ್ಥಳದಲ್ಲಿ ಮಲಗುತ್ತಾರೆ. ಭಾರತೀಯ ಪೈಲಟ್ ಆಗಿದ್ದರೆ ಅಂತ್ಯಕ್ರಿಯೆ ಹೇಗೆ ಅಂತ ಮನೆಯವರನ್ನೇ ಕೇಳಬೇಕು. ಊರವರು ಅಗೆತಕ್ಕೆ ಮುಂಚೆ ಕಾಯಿ ಒಡೆಯಬೇಕು ಅಂದರೆ ಒಡೆಯಲಿ, ಅದಕ್ಕೆ ಅಡ್ಡ ಬರಬೇಡಿ. ಜಾಗದಲ್ಲಿ ಗುಡಿ ಕಟ್ಟುವ ಮಾತು ಬಂದರೆ ಮಾತ್ರ ಗುರುತು ಖಾತ್ರಿ ಆಗುವವರೆಗೆ ತಡೆಯಿರಿ. ತಪ್ಪು ಹೆಸರನ್ನು ಕಲ್ಲಿನಲ್ಲಿ ಕೊರೆಸಿದರೆ ತೆಗೆಸುವುದು ಬಹಳ ಕಷ್ಟ.

ಗುಂಡಿ ಮುಚ್ಚುವಾಗ ಕೆಳಗಿನ ಮಣ್ಣು ಕೆಳಗೆ, ಉಳುಮೆಯ ಮಣ್ಣು ಮೇಲೆ. ಇದನ್ನು ತಲೆಕೆಳಗು ಮಾಡಿದರೆ ರೈತನಿಗೆ ವರ್ಷಗಟ್ಟಲೆ ಬೆಳೆ ಬರುವುದಿಲ್ಲ, ಮುಂದಿನ ತಂಡಕ್ಕೆ ಆ ಊರಿನಲ್ಲಿ ನೀರೂ ಸಿಗುವುದಿಲ್ಲ. ಪದರ ಪದರವಾಗಿ ತುಂಬಿ ತುಳಿಸಿ. ಎಣ್ಣೆ ಕುಡಿದ ಮಣ್ಣನ್ನು ಬೇರೆ ಇಡಿ, ವಾಪಸ್ ಹಾಕಬೇಡಿ. ಕೊನೆಗೆ ಲೋಹಶೋಧಕ ಇನ್ನೊಮ್ಮೆ ಆಡಿಸಿ. ಮೇಲೆ ಉಳಿದ ಒಂದು ಚೂಪು ತಗಡು ಸಾಕು, ಟ್ರ್ಯಾಕ್ಟರ್ ಟಯರಿಗೋ ಎತ್ತಿನ ಗೊರಸಿಗೋ ಹೋಗುತ್ತದೆ. ಎರಿ ಮಣ್ಣು ಮೊದಲ ಮಳೆಗೆ ಕುಸಿಯುತ್ತದೆ, ಆದ್ದರಿಂದ ಸುತ್ತಲಿನ ನೆಲಕ್ಕಿಂತ ಒಂದು ಮೊಳ ಎತ್ತರ ಬಿಡಿ. ಮುಂಗಾರು ಮುಗಿದ ಮೇಲೆ ಮತ್ತೆ ಹೋಗಿ ನೋಡಿ, ತಗ್ಗು ಬಿದ್ದಿದ್ದರೆ ಎರಡು ಟ್ರಾಲಿ ಮಣ್ಣು ಹಾಕಿಸಿ. ಆ ಖರ್ಚನ್ನು ಮೊದಲ ದಿನದ ಕರಾರಿನಲ್ಲೇ ಬರೆದಿಟ್ಟಿರಿ.